ಭಾಗ್ಯಶ್ರೀಯ ಅಪ್ಪನ ಹೆಸರು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸುಭದ್ರಾ ಎಲ್ಲಿರುತ್ತಾರೆ ಎಂದು ಹೈದರಾಬಾದಿನ ತಾರ್ನಾಕದ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು: ಮಹಾನಗರ ಪಾಲಿಕೆಯ ವಾರ್ಡ್ ಕಚೇರಿಯ ನೋಟಿಸ್ ಬೋರ್ಡಿನ ಮುಂದೆ. ಧಾರವಾಡದಿಂದ ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಗಂಡನಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ. ಮಗಳು ನಿರೀಕ್ಷಾ ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಕೆಲಸ ಅಷ್ಟಕ್ಕಷ್ಟೆ, ಸುಮ್ಮನೆ ಕೂರುವುದು ಮಾತ್ರ ಸುಭದ್ರಾರ ಜಾಯಮಾನವಲ್ಲ. ಹೀಗಾಗಿ ಊರ ಉಸಾಬರಿಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡಿದ್ದರು. ಬುಧವಾರ ಪೋಲಿಯೊ ಹನಿ, ಶುಕ್ರವಾರ ಕಣ್ಣಿನ ತಪಾಸಣೆ, ಹೆಂಗಸರಿಗೆ ಹೊಲಿಗೆ ತರಗತಿ, ಮುದುಕರಿಗೆ ಪಿಂಚಣಿ ಅರ್ಜಿ, ಹೀಗೆ ಬೋರ್ಡಿನಲ್ಲಿ ತೆಲುಗಿನಲ್ಲಿ ಅಂಟಿಸಿದ್ದನ್ನೆಲ್ಲ ಒಂದು ಹಳೆಯ ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಸೀದಾ ಹಬ್ಸಿಗುಡ ರಸ್ತೆಗೆ ನಡೆಯುತ್ತಿದ್ದರು.

ಅಲ್ಲಿ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಒಂಬತ್ತು ಮಾಳಿಗೆಯ ಕಟ್ಟಡ ಏಳುತ್ತಿತ್ತು. ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಇದೇ ಗದ್ದಲ. ಕಂಪ್ಯೂಟರಿನವರು ಇನ್ನೂ ಬಂದಿರಲಿಲ್ಲ. ಅವರಿಗಾಗಿ ಗೋಡೆ ಎಬ್ಬಿಸುವವರು ಮಾತ್ರ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಲ್ಲಿ ಸಂಸಾರ ಹೂಡಿದ್ದರು. ಒಮ್ಮೆ ಬಸ್ಸಿಗೆ ಕಾಯುತ್ತಿದ್ದಾಗ ಶೆಡ್ಡಿನ ನಲ್ಲಿಯ ಹತ್ತಿರ ಕನ್ನಡದಲ್ಲಿ ಜಗಳ ಕೇಳಿಸಿತು. ಕನ್ನಡ ಕಿವಿಗೆ ಬಿದ್ದರೆ, ಅದು ಬೈಗುಳವೇ ಆಗಲಿ, ಸುಭದ್ರಾಗೆ ಮುಂದೆ ಹೆಜ್ಜೆ ಏಳುವುದಿಲ್ಲ. ಬಸ್ಸು ತಪ್ಪಿತು, ಜಗಳವಾಡುತ್ತಿದ್ದ ಯಂಕಮ್ಮ ಸಿಕ್ಕಳು. ಅಂದಿನಿಂದ ವಾರದ ಸುದ್ದಿಗೆ ಶೆಡ್ಡಿನ ಹೆಂಗಸರು ಯಂಕಮ್ಮನ ಬಾಗಿಲ ಮುಂದೆ ಕೂಡುವುದು, ಸುಭದ್ರಾ ಡೈರಿ ಬಿಚ್ಚಿ ಓದುವುದು ರೂಢಿಯಾಯಿತು.

ಜನನ ನೋಂದಣಿ ಶಿಬಿರದ ಸುದ್ದಿ ತಂದವರೂ ಸುಭದ್ರಾರೇ. ಯಂಕಮ್ಮನ ಮಗಳು ಭಾಗ್ಯಶ್ರೀ ಹುಟ್ಟಿದ್ದು ಇದೇ ಊರಿನ ಇನ್ನೊಂದು ಶೆಡ್ಡಿನಲ್ಲಿ. ಆರು ವರ್ಷ ತುಂಬಿದರೂ ಎಲ್ಲಿಯೂ ಬರೆಸಿರಲಿಲ್ಲ. ಸರ್ಟಿಫಿಕೇಟ್ ಇಲ್ಲದೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎಂದು ಹೆಡ್‌ಮಾಸ್ತರರು ಖಡಾಖಂಡಿತವಾಗಿ ಹೇಳಿದ್ದರು. ಸುಭದ್ರಾ ಯಂಕಮ್ಮನನ್ನು ಶಿಬಿರಕ್ಕೆ ಕರೆದೊಯ್ದು ಸಾಲಿನಲ್ಲಿ ನಿಲ್ಲಿಸಿದರು. ಅಂದೇ ಮನೆಗೆ ಗ್ಯಾಸ್ ಸಿಲಿಂಡರ್ ಬರುವುದಿತ್ತು. "ಹೆಸರು ಕೇಳ್ತಾರ, ಹೇಳು, ಅಷ್ಟ. ಏನ್ ಮಹಾ!" ಎಂದು ಹೇಳಿ ಹೊರಟುಬಿಟ್ಟರು.

ಯಂಕಮ್ಮನ ಸರದಿ ಬಂತು. ಗುಮಾಸ್ತ ಗಂಡನ ಹೆಸರು ಕೇಳಿದ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದುಂಟೆ? ತನ್ನ ಊರಿನವನೇ ಆದ ಹಂಪಯ್ಯ ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದ. "ನೀ ಹೇಳೋ ಯಣ್ಣ" ಎಂದು ಅವನ ಕಡೆ ತಿರುಗಿದಳು. ಗುಮಾಸ್ತನೂ ಅವನ ಕಡೆ ತಿರುಗಿ "ಹೆಸರು?" ಎಂದ. ತನ್ನನ್ನೇ ಕೇಳುತ್ತಿದ್ದಾರೆಂದು ಆ ಪುಣ್ಯಾತ್ಮ ಎದೆಯುಬ್ಬಿಸಿ "ಹಂಪಯ್ಯ" ಎಂದ. ಹದಿನೈದು ದಿನ ಬಿಟ್ಟು ಕಾಗದ ಕೈಗೆ ಬಂದಾಗ ಅಣ್ಣನೆಂದು ಕರೆದವನೇ ಭಾಗ್ಯಶ್ರೀಯ ತಂದೆಯಾಗಿ ಕುಳಿತಿದ್ದ.

ಶೆಡ್ಡಿನಲ್ಲಿ ಒಂದು ವಾರ ಇದೇ ನಗೆ. ಹಂಪಯ್ಯನ ಹೆಂಡತಿ ಯಂಕಮ್ಮನ ಜೊತೆ ಮಾತು ಬಿಟ್ಟಳು. ಯಂಕಮ್ಮನ ನಿಜವಾದ ಗಂಡ ಸೂಗಪ್ಪ ಬಾಯಿ ಬಿಟ್ಟು ಬೈಯುವವನಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಕಾಗದವನ್ನೇ ನೋಡುತ್ತ ಕೂತುಬಿಟ್ಟ. ಅದು ಸುಭದ್ರಾರ ಕಣ್ಣಿಗೆ ಬಿತ್ತು. ತಾನು ಅಂದು ಹತ್ತು ನಿಮಿಷ ನಿಂತಿದ್ದರೆ ಇದಾಗುತ್ತಿರಲಿಲ್ಲ. ಸಿಲಿಂಡರ್ ಏನು ಓಡಿಹೋಗುತ್ತಿತ್ತೆ?

ತಿದ್ದುಪಡಿಗೆ ಇನ್ನೊಂದು ಶಿಬಿರ ಬಂತು, ಒಂದೇ ದಿನದ್ದು. ಮರುದಿನ ಶಾಲೆಯ ದಾಖಲಾತಿ ಮುಗಿಯುತ್ತಿತ್ತು. ಈ ಸಲ ಸುಭದ್ರಾ ಬೆಳಿಗ್ಗೆ ಎಂಟಕ್ಕೇ ಡಬ್ಬಿ ಕಟ್ಟಿಕೊಂಡು ಬಂದರು. ಸೂಗಪ್ಪನೂ ಅರ್ಧ ದಿನದ ಕೆಲಸ ಬಿಟ್ಟು, ಒಗೆದ ಅಂಗಿ ತೊಟ್ಟು, ಮಗಳ ಕೈ ಹಿಡಿದುಕೊಂಡು ಬಂದಿದ್ದ. ಗಂಡನೇ ಬಂದ ಮೇಲೆ ಇನ್ನೇನು ತಾಪತ್ರಯ ಎಂದು ಸುಭದ್ರಾ ಅಂದುಕೊಂಡರು.

ಕಚೇರಿಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಹಿಂದೆ ನಳಿನಿ ಮೇಡಂ ಎಂಬ ಅಧಿಕಾರಿ, ಪಕ್ಕದಲ್ಲಿ ಹೊಸ ಕಂಪ್ಯೂಟರು, ಟೋಕನ್ ಕೂಗಲು ಒಂದು ಮೈಕು. ಸೂಗಪ್ಪ ಮುಂದೆ ಬಂದು ಎದೆ ಮುಟ್ಟಿಕೊಂಡು, "ನಾನಾರೀ ಮೇಡಂ, ಈ ಹುಡುಗಿ ಅಪ್ಪ" ಎಂದ. ಸುಭದ್ರಾ ಅದನ್ನು ತೆಲುಗಿನಲ್ಲಿ ಹೇಳಿದರು.

ನಳಿನಿ ಮೇಡಂ ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕಾಗದದಲ್ಲಿ ಒಬ್ಬ ಅಪ್ಪ ಇದ್ದಾನೆ. ಇವತ್ತು ಇನ್ನೊಬ್ಬ ಬಂದು ನಾನೇ ಅಪ್ಪ ಅನ್ನುತ್ತಾನೆ. ನಾನು ಯಾರನ್ನು ನಂಬಲಿ? ಗಂಡಸರ ಮಾತು ಬೇಡ. ತಾಯಿ ತನ್ನ ಬಾಯಿಂದ ಹೇಳಲಿ, ಇಷ್ಟು ಜನರ ಮುಂದೆ ಬರೆದುಕೊಳ್ಳುತ್ತೇನೆ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಸುಭದ್ರಾಗೂ ಆಗಲಿಲ್ಲ. ಸೂಗಪ್ಪ ಮಗಳನ್ನು ಎತ್ತಿಕೊಂಡು ಹೊರಗೆ ಹೋಗಿ ಕಿಟಕಿಯ ಸರಳು ಹಿಡಿದು ನಿಂತ. ಯಂಕಮ್ಮ ಮೇಜಿನ ಮುಂದೆ ಬಂದಳು. ತುಟಿ ಅಲುಗಿತು, ಸದ್ದು ಹೊರಡಲಿಲ್ಲ. ಕೇಳಿಸುತ್ತಿಲ್ಲವೆಂದು ನಳಿನಿ ಮೇಡಂ ಒಳ್ಳೆಯ ಮನಸ್ಸಿನಿಂದಲೇ ಮೈಕನ್ನು ಅವಳ ಕಡೆ ತಳ್ಳಿದರು. ಯಂಕಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಹೇಳವಾ ತಾಯಿ," ಸುಭದ್ರಾ ಗದರಿದರು. "ಹೆಸರು ಹೇಳಿದ್ರ ಏನಾಗ್ತೈತಿ? ಯಾವ ಕಾಲದಾಗ ಅದೀ ನೀ? ಹುಡುಗಿ ಸಾಲಿ ತಪ್ಪಿಸ್ತೀ ಏನು?"

"ಆಯುಷ್ಯ ಕಡಿಮಿ ಆಗ್ತೈತ್ರೀ ಅಕ್ಕಾರ," ಎಂದಳು ಯಂಕಮ್ಮ. ಅವಳ ಕಣ್ಣು ಕಿಟಕಿಯ ಕಡೆಗಿತ್ತು. "ನಿಮ್ಮವರು ಕುರ್ಚಿ ಮ್ಯಾಲ ಕುಂತು ಕೆಲಸ ಮಾಡೂ ಮಂದಿ. ಇವರು ದಿನಾ ಒಂಬತ್ತನೇ ಮಾಳಿಗ್ಯಾಗ ಹಲಗಿ ಮ್ಯಾಲ ನಿಂತು ಗ್ವಾಡಿಗೆ ಗಿಲಾವ್ ಮಾಡ್ತಾರ. ಹೋದ ತಿಂಗಳ ನಮ್ಮ ಶೆಡ್ಡಿನ ಅಮೃತಪ್ಪ ಅಲ್ಲಿಂದಾನ ಬಿದ್ದ. ನಾ ಹೆಂಗ ಹೇಳ್ಲಿ?"

ಸುಭದ್ರಾಗೆ ಗದರಿದ್ದಕ್ಕೆ ನಾಚಿಕೆಯಾಯಿತು.

"ಹೋಗ್ಲಿ, ನೀವು ಹೇಳ್ರಿ ನೋಡೋಣು, ನಿಮ್ಮ ಯಜಮಾನ್ರ ಹೆಸರು," ಎಂದಳು ಯಂಕಮ್ಮ. ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

ಅದೇನು ಮಹಾ ಎಂದು ಸುಭದ್ರಾ ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು. ಬಿ.ಎ. ಪಾಸಾದವರು, ಅರ್ಜಿಗಳಲ್ಲಿ ಆ ಹೆಸರನ್ನು ನೂರು ಸಲ ಬರೆದವರು. ಆದರೆ ಬಾಯಲ್ಲಿ? ಫೋನಿನಲ್ಲಿ "ನಮ್ಮ ಮನಿಯವರು", ನೆಂಟರ ಮುಂದೆ "ಇವರು", ಮಗಳ ಮುಂದೆ "ನಿಮ್ಮಪ್ಪ", ಎದುರಿಗೆ ಬರೀ "ರೀ". ಇಪ್ಪತ್ತೆಂಟು ವರ್ಷ ಹೀಗೇ ಕಳೆದಿತ್ತು, ಅದು ಅವರ ಗಮನಕ್ಕೇ ಬಂದಿರಲಿಲ್ಲ. ತನ್ನಿಂದ ಮಾಡಲಾಗದ್ದನ್ನು ಈ ಬಡವಿ ಮಾಡಲಿಲ್ಲವೆಂದು ತುಂಬಿದ ಸಭೆಯಲ್ಲಿ ಬೈದೆನಲ್ಲ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು.

ಆ ಹೆಸರನ್ನು ಕೊನೆಯ ಸಲ ಯಾವಾಗ ಹೇಳಿದ್ದು? ಸೀಮಂತದಲ್ಲಿ. ಹೊಸಿಲಿಗೆ ಅಡ್ಡ ನಿಂತ ಅತ್ತಿಗೆಯಂದಿರು ಗಂಡನ ಹೆಸರು ಹೆಣೆದ ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಪದ ಕಟ್ಟಿ ಒಡಪಿನಲ್ಲಿ ಹೇಳಿದರೆ ಗಂಡನ ಹೆಸರಿಗೆ ಯಾವ ದೋಷವೂ ಇಲ್ಲ, ಅದು ಮಂಗಳವೇ. ಧಾರವಾಡಕ್ಕೂ ಅದೇ ರೀತಿ, ರಾಯಚೂರಿಗೂ ಅದೇ ರೀತಿ.

ಸುಭದ್ರಾ ಸೆರಗನ್ನು ಭುಜದ ಮೇಲೆ ಹೊದ್ದುಕೊಂಡು ಮೈಕಿನ ಮುಂದೆ ನಿಂತರು.

"ಬೆಳ್ಳಿ ತಟ್ಟಿಯೊಳಗ ಬೇಸನ್ ಉಂಡಿ ನೂರು,
ರಾಮಕೃಷ್ಣರ ಹೆಸರ ಹೇಳೇನಿ, ನಗಬ್ಯಾಡ್ರಿ ಯಾರೂ."

ಸಭಾಂಗಣದಲ್ಲಿದ್ದ ಕನ್ನಡ ಬಾರದ ಹೆಂಗಸರಿಗೂ ನಡೆಯುತ್ತಿರುವುದೇನೆಂದು ತಿಳಿದುಹೋಯಿತು, ಗಂಡನ ಹೆಸರು ನುಂಗಿಕೊಂಡು ಬದುಕಿದವರು ಅಲ್ಲಿ ಬೇಕಾದಷ್ಟು ಜನರಿದ್ದರು. ಸಾಲಿನಲ್ಲಿದ್ದ ಒಬ್ಬ ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ನಗಬೇಡಿ ಎಂದದ್ದೇ ತಪ್ಪಾಯಿತು, ಇಡೀ ಸಾಲು ನಕ್ಕಿತು. ಸುಭದ್ರಾರ ಮುಖ ಕೆಂಪಾಗಿತ್ತು. "ನಿಂದೂ ಬರ್ಲಿ," ಎಂದರು ಯಂಕಮ್ಮನಿಗೆ. "ಒಡಪಿನಾಗ ಹೇಳಿದ್ರ ದೇವ್ರೂ ಕೇಳ್ತಾನ, ಸರ್ಕಾರನೂ ಕೇಳ್ತೈತಿ."

ಯಂಕಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕಣ್ಣು ಮುಚ್ಚಿದಳು. ಕಂಪ್ಯೂಟರಿನವನು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ, ನಳಿನಿ ಮೇಡಂ ಫ್ಯಾನು ನಿಲ್ಲಿಸಲು ಸನ್ನೆ ಮಾಡಿದರು. ಆಮೇಲೆ ಮೈಕಿನಲ್ಲಿ ಅವಳ ದನಿ ಬಂತು, ಹೊಲದಲ್ಲಿ ಹಾಡುವವರ ದನಿ.

"ಒಂಬತ್ತ ಮಾಳಿಗಿ ಏರಿ ಕಟ್ಟತಾರ ಗ್ವಾಡಿ,
ಸೂಗಪ್ಪನವರ ಹೆಸರ ಹೇಳತೀನಿ ದೇವರಿಗೆ ಶರಣ ಮಾಡಿ."

ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಕಿಟಕಿಯ ಹೊರಗೆ ಭಾಗ್ಯಶ್ರೀ ಅಪ್ಪನ ಹೆಗಲ ಮೇಲಿಂದ ತಾನೂ ತಟ್ಟಿದಳು. ಸೂಗಪ್ಪ ತಟ್ಟಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ನಳಿನಿ ಮೇಡಂ ರುಜು ಹಾಕಿ, ಮುದ್ರೆ ಒತ್ತಿ, ಕಾಗದವನ್ನು ಎರಡೂ ಕೈಯಿಂದ ಯಂಕಮ್ಮನಿಗೆ ಕೊಟ್ಟರು. ಸುಭದ್ರಾ ಸಾಲುಸಾಲಾಗಿ ಓದಿ ನೋಡಿದರು. ಈ ಸಲ ಎಲ್ಲ ಸರಿಯಿತ್ತು. ಅವರಿಗೆ ಅಳು ಬಂತು, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಇಬ್ಬರೂ ಹೊರಗೆ ಮೆಟ್ಟಿಲಿಗೆ ಬಂದರು, ಸೂಗಪ್ಪನೂ ಮಗಳ ಕೈ ಹಿಡಿದುಕೊಂಡು ಅಲ್ಲಿಗೆ ಬಂದ. ಇನ್ನು ನಗುವುದಷ್ಟೇ ಬಾಕಿ ಎಂದು ಸುಭದ್ರಾ ಅಂದುಕೊಂಡಿದ್ದರು. ಆದರೆ ಯಂಕಮ್ಮ ಕಾಗದವನ್ನು ಗಂಡನ ಕೈಗೆ ಕೊಟ್ಟವಳೇ ಅವನ ಅಂಗಿಯ ತುದಿ ಹಿಡಿದುಕೊಂಡಳು. ಒಡಪಿನಲ್ಲೇ ಹೇಳಿದ್ದಾದರೂ ಹೇಳಿದ್ದು ಹೇಳಿದಂತೆಯೇ, ಅದೂ ಮೈಕಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ.

"ಇವತ್ತ ಮ್ಯಾಲ ಹತ್ತಬ್ಯಾಡ್ರಿ," ಎಂದಳು. "ನಾಳಿ ಒಂದಿನಾನೂ ಬ್ಯಾಡ್ರಿ. ನನಗ ಭಾಳ ಅಂಜಿಕಿ ಆಗಾಕತ್ತೈತಿ."

ಎರಡು ದಿನದ ಕೂಲಿ ಹೋದರೆ ಅವರ ಮನೆಯಲ್ಲಿ ಏನಾಗುತ್ತದೆ ಎಂಬುದು ಸುಭದ್ರಾಗೆ ಗೊತ್ತಿತ್ತು. ಹುಚ್ಚು ಹುಡುಗಿ ಎಂದು ನಕ್ಕು ಅವನು ಹೊರಟುಬಿಡುತ್ತಾನೆ ಎಂದುಕೊಂಡರು. ಸೂಗಪ್ಪ ನಗಲಿಲ್ಲ. ಕಾಗದವನ್ನು ಮಡಚದೆ ಹಾಗೇ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಹೆಂಡತಿಗೂ ಜಾಗ ಮಾಡಿಕೊಟ್ಟ.

"ಹತ್ತಂಗಿಲ್ಲ ಬಿಡು," ಎಂದ. "ನಾಳಿ ನಾನೂ ಸಾಲಿಗೆ ಬರ್ತೀನಿ. ಅಲ್ಲಿ ಮಾಸ್ತರು ಮತ್ತ ಹೆಸರು ಕೇಳಿದ್ರ ನೀ ಸುಮ್ನಿರು. ನಾನಾ ಹೇಳ್ತೀನಿ."