ಒಂದು ಸುತ್ತು ಹೆಚ್ಚಿಗೆ

ವರ್ಲಿನ್ ಸ್ಟಿಕ್ರಾಡ್ ಎಲ್ಲಿ ತಿರುಗುವುದಿದ್ದರೂ ಬಾಯಿಬಿಟ್ಟು ಹೇಳಿಯೇ ತಿರುಗುತ್ತಾನೆ. ಕಾರಿನಲ್ಲಷ್ಟೇ ಅಲ್ಲ, ಅಂಗಡಿಯ ಓಣಿಯಲ್ಲಿ, ಚರ್ಚಿನ ಸಾಲುಗಳ ನಡುವೆ, ತುಸು ಎಡಕ್ಕೆ ವಾಲಿ ನಡೆಯುವ ಆ ನೀಳಕಾಯ ಒಂದು ಕ್ಷಣ ತಡೆದು, "ತಿರುಗ್ತಿದೀನಿ" ಎಂದು ಯಾರಿಗೋ ವರದಿ ಒಪ್ಪಿಸಿದಂತೆ ನುಡಿದು, ಆಮೇಲೆಯೇ ಹೊರಳುತ್ತದೆ. ಎಪ್ಪತ್ತೆಂಟರ ಈ ಪ್ರಾಯದಲ್ಲೂ ಮೈಮೇಲೆ ಅದೇ ಬಿಳಿಯ ಜಾಕೆಟ್ಟು. ಎದೆಯ ಮೇಲೆ ಹೊಲಿದಿದ್ದ ಅಕ್ಷರಗಳನ್ನು ತಾನೇ ಬಿಚ್ಚಿದ್ದಾನೆ, ಸೂಜಿಯ ತೂತುಗಳು ಉಳಿದಿವೆ. ಜನ ನಗುತ್ತಾರೆ. ನಗುವವರ ಪೈಕಿ ನಾನೂ ಒಬ್ಬ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇಂಡಿಯಾನಾಪೊಲಿಸ್ಸಿನ ನಮ್ಮಂಥವರಿಗೆ ವರ್ಷವೆಂದರೆ ಮೇ ತಿಂಗಳು. ಮೂವತ್ತೊಂದು ವರ್ಷಗಳ ಹಿಂದೆ, ಆ ತಿಂಗಳ ದೊಡ್ಡ ಓಟದ ದಿನ, ಮೂವತ್ತಮೂರು ರೇಸ್ ಕಾರುಗಳನ್ನು ಬೆನ್ನಿಗೆ ಕಟ್ಟಿಕೊಂಡು ಸಾಲಾಗಿ ಕರೆತರುವ ಪೇಸ್ ಕಾರನ್ನು ನಡೆಸುವ ಭಾಗ್ಯ ವರ್ಲಿನ್ನನಿಗೆ ಒದಗಿತು. ಇಪ್ಪತ್ತು ವರ್ಷ ಬೇರೆಯವರ ರೇಸ್ ಕಾರುಗಳನ್ನು ಪರೀಕ್ಷಿಸಿ ಕೊಟ್ಟು, ತಾನು ಒಂದು ಓಟವನ್ನೂ ಓಡದವನಿಗೆ ಅದು ಸಣ್ಣ ಗೌರವವಲ್ಲ. ಟೊಮೆಟೊ ಕೆಂಪಿನ, ಛಾವಣಿಯಿಲ್ಲದ, ಎರಡೇ ಆಸನದ ಸ್ಪೋರ್ಟ್ಸ್ ಕಾರು. ಹಿಂಬದಿಯಲ್ಲಿ ಮಿನುಗುವ ಹಳದಿ ದೀಪಗಳು. ಎದೆಯ ಮೇಲೆ 'ಪೇಸ್ ಕಾರ್' ಎಂದು ಹೊಲಿದಿದ್ದ ಆ ಬಿಳಿಯ ಜಾಕೆಟ್ಟು ತೊಟ್ಟು ಎಡಗಡೆ ಅವನು, ಬಲಗಡೆ ದೀಪದ ಗುಂಡಿಯ ಉಸ್ತುವಾರಿಗೆ ನಾನು.

ಓಟಕ್ಕೆ ಮುಂಚಿನ ಈ ನಿಧಾನದ ಸುತ್ತುಗಳಲ್ಲಿ ಕೊನೆಯದು ಶುರುವಾಗುತ್ತಲೇ ದೀಪ ಆರಿಸಬೇಕು. ಅದು ಆರಿತೆಂದರೆ, ಈ ಸುತ್ತಿನ ಕೊನೆಗೆ ನಾವು ಬದಿಗೆ ಸರಿಯುತ್ತೇವೆ, ಓಟ ಶುರುವಾಗುತ್ತದೆ ಎಂದು ಹಿಂದಿನವರಿಗೆ ಸೂಚನೆ. ನನ್ನ ಕೆಲಸ ಇಷ್ಟೇ. ಆದರೆ ನಾನು ಜನಸಾಗರದಲ್ಲಿ ನನ್ನ ಹೆಂಡತಿ ಲೊರೆಟಾಳನ್ನು ಹುಡುಕುತ್ತ ಟೋಪಿ ಬೀಸುತ್ತಿದ್ದೆ. ಸುತ್ತಿನ ಕೊನೆಯದಾದ ನಾಲ್ಕನೇ ತಿರುವಿನಲ್ಲಿ ಕನ್ನಡಿ ನೋಡಿದ ವರ್ಲಿನ್, "ದೀಪ!" ಎಂದ. ಆರಿಸಿದೆ, ತಡವಾಗಿತ್ತು. ಆಗ ಸರಿದಿದ್ದರೆ ಹಿಂದೆ ಅರ್ಧ ಜನ ನುಗ್ಗಿ, ಅರ್ಧ ಜನ ಬ್ರೇಕು ಒತ್ತಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವನು ಬದಿಯ ದಾರಿಗೆ ತಿರುಗದೆ ನೇರ ನಡೆದ. ಆ ಒಂದು ಹೆಚ್ಚಿನ ಸುತ್ತಿನಲ್ಲಿ ಮುಂದಿನ ಸಾಲಿನ ಕಾರೊಂದರ ಎಂಜಿನ್ನು ಕುದಿದು ಕೆಟ್ಟಿತು; ಅದರ ಚಾಲಕನ ಓಟ ಶುರುವಾಗುವ ಮೊದಲೇ ಮುಗಿಯಿತು.

"ಯಾಕ್ರೀ ತಿರುಗಲಿಲ್ಲ?" ಎಂದು ಆಮೇಲೆ ಓಟದ ಅಧಿಕಾರಿ ಗುಡುಗಿದ.

"ತಪ್ಪು ನಂದೇ ಸಾರ್. ತಿರುವು ಬಿಟ್ಬಿಟ್ಟೆ," ಎಂದ ವರ್ಲಿನ್. ನಾನು ನನ್ನ ಬೂಟು ನೋಡುತ್ತ ನಿಂತಿದ್ದೆ.

ಮುಂದಿರುವ ಚಪಲಕ್ಕೆ ಓಟ ಕೆಡಿಸಿದವನೆಂದು ಪತ್ರಿಕೆಗಳು ಬರೆದವು. ಓಟದ ಅಂಗಳಕ್ಕೆ ಅವನನ್ನು ಮತ್ತೆ ಯಾರೂ ಕರೆಯಲಿಲ್ಲ. ನಿವೃತ್ತಿಯವರೆಗೆ ಶಾಲೆಯ ಬಸ್ಸು ಓಡಿಸಿದ. ನಾನು ಓಟದ ಅಂಗಳದ ನೌಕರಿಯಲ್ಲೇ ಉಳಿದೆ, ಬಡ್ತಿಯನ್ನೂ ಪಡೆದೆ.

ಈ ಮೇ ತಿಂಗಳ ಒಂದು ಮಧ್ಯಾಹ್ನ, ಬನ್ನಿನಿಂದ ನಾಲ್ಕೂ ಕಡೆ ಹೊರಚಾಚುವ ಹಂದಿಮಾಂಸದ ಕರಿದ ತುಂಡನ್ನು ತಿನ್ನುತ್ತ ಲವಾನ್‌ಳ ಹೋಟೆಲಿನಲ್ಲಿ ನಾನೂ ವರ್ಲಿನ್ನನೂ ಕೂತಿದ್ದಾಗ, ಪಕ್ಕದ ಮೇಜಿನ ಕ್ಷೌರಿಕ ಡ್ವೈಟ್ ಕೂಗಿದ: "ಏನೋ ವರ್ಲಿನ್, ಇವತ್ತಾದ್ರೂ ಮನೆ ಹತ್ರ ತಿರುಗ್ತೀಯೋ, ಇಲ್ಲಾ ರಾಜ್ಯ ದಾಟಿ ಒಹಾಯೋ ಬರೋ ತನಕ ನೆಟ್ಟಗೆ ಹೋಗ್ತಾನೇ ಇರ್ತೀಯೋ?" ಹೋಟೆಲಿಗೆ ಹೋಟೆಲೇ ನಕ್ಕಿತು. ನಾನೂ ನಕ್ಕೆ, ತುಸು ಜೋರಾಗಿಯೇ.

ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ. "ವರ್ಲಿನ್, ಅವತ್ತು ದೀಪ ಮರೆತಿದ್ದು ನಾನು. ಯಾಕೆ ಹೇಳಲಿಲ್ಲ ನೀನು?"

"ನಿಂಗಾಗ ಎರಡು ಎಳೇ ಮಕ್ಕಳು ಕಣೋ. ಕೆಲ್ಸ ಹೋಗ್ತಿತ್ತು."

"ಈಗ್ಲಾದ್ರೂ ಅವರಿಗೆಲ್ಲ ಹೇಳ್ಬೇಕು ಅನ್ಸುತ್ತೆ."

ಬೇಡ ಬಿಡು ಎನ್ನುತ್ತಾನೆಂದು ನಾನು ಎಣಿಸಿದ್ದೆ. ಅವನು ನನ್ನ ಮುಖವನ್ನೇ ನೋಡಿ, "ಹೇಳು," ಎಂದ. "ಎಲ್ಲಾ ಇನ್ನೂ ಒಳಗೇ ಇದಾರೆ."

ಗಾಜಿನಾಚೆ ಡ್ವೈಟ್ ಕಾಫಿ ಹೀರುತ್ತಿದ್ದ. ಬಾಗಿಲು ಆರು ಹೆಜ್ಜೆ ದೂರವಿತ್ತು. "ನಾಳೆ ಹೇಳ್ತೀನಿ," ಎಂದೆ. ವರ್ಲಿನ್ ತಲೆಯಾಡಿಸಿ ಕಾರು ಹತ್ತಿದ.

ಇನ್ನೊಬ್ಬರ ತಪ್ಪನ್ನು ಹೆಗಲಿಗೇರಿಸಿಕೊಂಡು ಸದ್ದಿಲ್ಲದೆ ಬಾಳುವ ಇಂಥವರನ್ನು ಕ್ಷಮಾಶೀಲರೆಂದು ಹೊಗಳಿ ನಾವು ಹಗುರಾಗುತ್ತೇವೆ. ಅವರಿಗೆ ಆ ಭಾರ ಒಗ್ಗಿಹೋಗಿದೆ ಎಂದು ನಂಬುವುದು ನಮಗೆ ಅನುಕೂಲ. ಅವರು ಕಾಯುತ್ತಿರುತ್ತಾರೆ, ನಾವೇ ಬಂದು ಇಳಿಸಿಕೊಳ್ಳಲಿ ಎಂದು, ಜೀವಮಾನವಿಡೀ. ನನ್ನ ಆ 'ನಾಳೆ' ಕಳೆದು ಇಂದಿಗೆ ಹನ್ನೊಂದು ದಿನ.