ಹಿಟ್ಟು ಮೆತ್ತಿದ ಸ್ಪೀಕರು

ಮಾವ ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಒಳ್ಳೆಯ ಮನಸ್ಸಿನ ಕೈಗೆ ಒದ್ದೆ ಬಟ್ಟೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಸೊಸೆ ಆ ದಿನ ಕಣ್ಣಾರೆ ಕಂಡಳು.

ಮನೆಯ ಮುಂದಿನ ಕೋಣೆಯಲ್ಲೇ ಅವರ ಹಿಟ್ಟಿನ ಗಿರಣಿ. ಮಾವನ ಹುಬ್ಬಿನಿಂದ ಹಿಡಿದು ಸೊಸೆಯ ಲ್ಯಾಪ್‌ಟಾಪಿನವರೆಗೆ ಆ ಮನೆಯಲ್ಲಿ ಬೆಳ್ಳಗಾಗದ ವಸ್ತುವಿಲ್ಲ. ಮಧ್ಯಾಹ್ನ ಅವಳಿಗೆ ಟೀಚರ್ ಕೆಲಸದ ಸಂದರ್ಶನ. ಲ್ಯಾಪ್‌ಟಾಪಿನ ಮುಂದೆಯೇ ಕೂರಬೇಕು, ಕಿವಿಗೆ ಏನೂ ಸಿಕ್ಕಿಸಿಕೊಳ್ಳಬಾರದು ಎಂದು ಶಾಲೆಯವರ ಕಟ್ಟಪ್ಪಣೆ. ಗೋಧಿ ಕೇರುತ್ತ, ಹಿಟ್ಟು ತುಂಬುತ್ತ, ನಡುನಡುವೆ ಓದಿ ಪಾಸಾದವಳು. ಇದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕಿತ್ತು. ಸಂದರ್ಶನಕ್ಕೆ ಎಲ್ಲವೂ ಲಕ್ಷಣವಾಗಿರಲಿ ಎಂದು ಮಾವ ಬೆಳಿಗ್ಗೆಯೇ ಲ್ಯಾಪ್‌ಟಾಪನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟಿದ್ದರು. ಸ್ಪೀಕರಿನ ತೂತುಗಳಲ್ಲಿ ಕೂತಿದ್ದ ಹಿಟ್ಟು ಅಂಟಾಗಿ, ಒಣಗಿ, ಅದರ ಬಾಯಿ ಕಟ್ಟಿಹೋಗಿತ್ತು.

"ಆಯಸ್ಸೆಲ್ಲಾ ಹಿಟ್ಟಲ್ಲೇ ಕಳೆದಿದೀರಿ. ಹಿಟ್ಟಿಗೆ ನೀರು ಬಿದ್ರೆ ಏನಾಗುತ್ತೆ ಅಂತ ಗೊತ್ತಿಲ್ವಾ?" ಎಂದು ಅತ್ತೆ ಗಂಡನನ್ನು ತರಾಟೆಗೆ ತೆಗೆದುಕೊಂಡರು.

"ಆಯ್ತು ಮಾರಾಯ್ತಿ, ತಪ್ಪಾಯ್ತು. ಮಿಷನ್‌ಗೆ ಹಿಡಿಯೋ ಬ್ಲೋವರ್ ತರ್ಲಾ?"

"ಬೇಡ ಮಾವ! ಹೊರಗಿರೋದೂ ಒಳಗೆ ಹೋಗುತ್ತೆ."

ಸೊಸೆಗೆ ಅಳುವೇ ಬಂದಿತ್ತು. ಮಾವನ ಪೆಚ್ಚು ಮೋರೆ ನೋಡಿ ನುಂಗಿಕೊಂಡಳು. ಲ್ಯಾಪ್‌ಟಾಪ್ ಆಫ್ ಮಾಡಿದಳು. ಅತ್ತೆ ಅದನ್ನು ಕೂಸಿನಂತೆ ಬೋರಲಾಗಿ ಎತ್ತಿ ಹಿಡಿದರು. ಸೊಸೆ ಒಣಗಿದ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದಳು. ಬಿಡದ ಕಡೆ ಹಲ್ಲುಕಡ್ಡಿಯಿಂದ, ಒಳಗೆ ಚುಚ್ಚದಂತೆ, ಮೇಲುಮೇಲೆ ಕೆರೆದಳು. ಚಕ್ಕೆಗಳು ಅತ್ತೆಯ ಮಡಿಲಿಗೆ ಉದುರಿದವು. ತೋಳು ಸೋತರೂ ಅತ್ತೆ ಕೆಳಗಿಳಿಸಲಿಲ್ಲ. ನಾನು ಈ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ ಎಂದರೆ ಯಾರು ನಂಬಬೇಕು ಎಂದುಕೊಂಡಳು ಸೊಸೆ.

ಅಂತೂ ಅರ್ಧದಷ್ಟು ತೂತುಗಳು ತೆರೆದುಕೊಂಡವು. ಮತ್ತೆ ಆನ್ ಮಾಡಿದಾಗ ದನಿ ಬಂತು, ಆದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ. ಅಷ್ಟರಲ್ಲಿ ಸಂದರ್ಶನದ ಹೊತ್ತಾಯಿತು. ಪರದೆಯ ಮೇಲೆ ಹೆಡ್‌ಮಿಸ್ ತುಟಿ ಆಡಿಸುತ್ತಿದ್ದರು. ಮುಂದಿನ ಕೋಣೆಯ ಗಿರಣಿಯ ಅಬ್ಬರಕ್ಕೆ ಒಂದು ಮಾತೂ ಕೇಳಿಸಲಿಲ್ಲ.

"ಇನ್ನೊಂದ್ಸಲ ಹೇಳ್ತೀರಾ ಮೇಡಂ?" ಎಂದಳು. ಮತ್ತೊಮ್ಮೆಯೂ ಅದನ್ನೇ ಕೇಳಿದಳು. ಹೆಡ್‌ಮಿಸ್ ಮುಖ ಗಂಟಿಕ್ಕಿದರು.

ಆಗ ಗಿರಣಿ ನಿಂತಿತು.

ಕಾಳು ತುಂಬಿರುವಾಗ ಮಾವ ಯಾರಿಗಾಗಿಯೂ ಗಿರಣಿ ನಿಲ್ಲಿಸಿದವರಲ್ಲ. ನಿಲ್ಲಿಸಿದರೆ ಕಲ್ಲುಗಳ ನಡುವೆ ಕಾಳು ಕಚ್ಚಿಕೊಳ್ಳುತ್ತದೆ. ಆಮೇಲೆ ಕಲ್ಲು ಎತ್ತಿ, ಎಲ್ಲವನ್ನೂ ಕೆರೆದು ತೆಗೆಯಬೇಕು. ಬಾಗಿಲ ಸಂದಿಯಿಂದ ಸೊಸೆಗೆ ಕಂಡಿತು: ಡಬ್ಬ ಹಿಡಿದು ನಿಂತ ಗಿರಾಕಿಗಳಿಗೆ ಮಾವ ಕೈಮುಗಿದು, ತುಟಿಯ ಮೇಲೆ ಬೆರಳಿಟ್ಟಿದ್ದರು. ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತಿದ್ದರು.

ಹೆಡ್‌ಮಿಸ್ ದನಿ ಸಣ್ಣಗೆ, ಸ್ಪಷ್ಟವಾಗಿ ಕೇಳಿಸಿತು. ಸೊಸೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಕಡೆಗೆ ಅವರು, "ಮನೆ, ಕೆಲಸ ಎರಡನ್ನೂ ಹೇಗೆ ನಿಭಾಯಿಸ್ತೀರಿ?" ಎಂದರು.

"ನಾನೊಬ್ಬಳೇ ನಿಭಾಯಿಸಲ್ಲ ಮೇಡಂ," ಎಂದಳು.

ಮುಗಿಸಿ ಹೊರಗೆ ಬಂದಾಗ ಮಾವ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಹಲ್ಲುಗಳಿಗೆ ಕಚ್ಚಿದ ಕಾಳು ಕೆರೆಯುತ್ತಿದ್ದರು. ತಲೆಯೆತ್ತಿ ಕೇಳಲು ಅವರಿಗೆ ಧೈರ್ಯವಿರಲಿಲ್ಲ.

"ಸೋಮವಾರದಿಂದ ಬನ್ನಿ ಅಂದ್ರು, ಮಾವ."

ಮಾವ ಎರಡು ಸಲ ಮೂಗು ಸೇದಿದರು. ಸೊಸೆ ಅವರ ಪಕ್ಕದಲ್ಲೇ ನೆಲಕ್ಕೆ ಕೂತು ಕಲ್ಲಿಗೆ ಕೈ ಹಾಕಿದಳು.

"ಏಳಮ್ಮಾ, ಒಳ್ಳೇ ಸೀರೆ, ಹಿಟ್ಟಾಗುತ್ತೆ."

"ಆಗ್ಲಿ ಬಿಡಿ," ಎಂದು ಅವಳು ಇನ್ನಷ್ಟು ಹತ್ತಿರಕ್ಕೆ ಸರಿದಳು.