ಸುಮಾ ಸಿಸ್ಟರ್ ಹಾಡು ಬಿಟ್ಟದ್ದು

ಬಸವೇಶ್ವರನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಕ್ರೈಸ್ತ ಸಭೆ ಸೇರುತ್ತದೆ. ಭಾನುವಾರ ಗಿರಣಿಗೆ ರಜೆ, ಹಾಗಾಗಿ ಪ್ರಾರ್ಥನೆಗೂ ಗಿರಣಿಗೂ ಜಗಳವಿಲ್ಲ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಚಪ್ಪಲಿಗಳೆಲ್ಲ ಮೆಟ್ಟಿಲ ಮೇಲೆ. ಬರುವವರಲ್ಲಿ ಹುಟ್ಟು ಕ್ರೈಸ್ತರು ಕಮ್ಮಿ. ಕುಡಿತ ಬಿಡಲೆಂದು ಬಂದವರು, ಕಾಯಿಲೆ ವಾಸಿಯಾಗಲೆಂದು ಬಂದವರು, ಬಂದು ಹಾಗೇ ಉಳಿದುಕೊಂಡವರು. ಮಹದೇವನೂ ಹಾಗೆ ಉಳಿದವನೇ. ಟೂ ವೀಲರ್ ಮೆಕ್ಯಾನಿಕ್. ಹಿಂದೊಮ್ಮೆ ಕುಡಿದು, ರಿಪೇರಿಗೆ ಬಂದ ಗಾಡಿಯನ್ನೇ ಮೋರಿಗೆ ಇಳಿಸಿದ್ದ ಆಸಾಮಿ. ಹೆಂಡತಿ ಜಲಜಾ ಅವನನ್ನು ಹೆಚ್ಚೂ ಕಮ್ಮಿ ಕಾಲರ್ ಹಿಡಿದು ಈ ಮೆಟ್ಟಿಲು ಹತ್ತಿಸಿದ್ದಳು. ಕುಡಿತ ಬಿಟ್ಟಿತು, ಕೈಗೆ ಢೋಲಕ್ ಬಂತು.

ಢೋಲಕ್ಕಿನವನ ಜಾಗ ಮುಂದುಗಡೆ, ಗೋಡೆಗೆ ಒರಗಿ, ಹೆಂಗಸರ ಕಡೆಗೆ ಮುಖ. ಹಾಡು ಎತ್ತಿಕೊಡುವವಳು ಸುಮಾ. ಅವಳ ತುಟಿ ನೋಡಿಯೇ ತಾಳ ಹಿಡಿಯಬೇಕು. ಗಂಡ ತೀರಿಕೊಂಡ ಮೇಲೆ ಅತ್ತೆಯ ಜೊತೆ ಉಲ್ಲಾಳದಲ್ಲಿದ್ದುಕೊಂಡು, ಇಲ್ಲೇ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸ ಅವಳದು. ವಾರವೆಲ್ಲ "ಅಂಕಲ್, ನಿಮ್ ಸರದಿ ಬಂದಿಲ್ಲ ಕೂತ್ಕೊಳಿ" ಎಂದೇ ಸವೆಯುವ ಗಂಟಲು ಭಾನುವಾರ ಬಿಚ್ಚಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಅವಳು ಹಾಡಿದಳೆಂದರೆ ಕೆಳಗಿನ ರಸ್ತೆಯಲ್ಲಿ ಸೊಪ್ಪು ಮಾರುವವಳೂ ಒಂದು ಗಳಿಗೆ ಕೂಗು ನಿಲ್ಲಿಸುತ್ತಿದ್ದಳು.

ಮೊದಮೊದಲು ಮಹದೇವನಿಗೆ ಅದು ಬರೀ ತಾಳವಾಗಿತ್ತು. ಯಾವಾಗ ಬೇರೆಯಾಯಿತೋ ಅವನಿಗೇ ತಿಳಿಯಲಿಲ್ಲ. ಎತ್ತಿದ ತೋಳು, ಕುತ್ತಿಗೆಯ ಬೆವರು, ಉಸಿರೆಳೆದುಕೊಳ್ಳುವಾಗ ಏಳುವ ಎದೆ. ಗ್ಯಾರೇಜಿನಲ್ಲಿ ಪ್ಲಗ್ಗು ಬಿಚ್ಚುತ್ತಿದ್ದರೂ ಅದೇ, ಜಲಜಾಳ ಪಕ್ಕ ಮಲಗಿದ್ದರೂ ಅದೇ. ಪಾಸ್ಟರ್ ಸುಬ್ರಮಣಿಯವರೋ ಈ ವಿಷಯದಲ್ಲಿ ಕಡ್ಡಿ ಮುರಿದ ಹಾಗೆ ಹೇಳುವವರು. "ಕೈ ಮುಟ್ಟಿಲ್ಲ ಅಂತ ಸಮಾಧಾನ ಮಾಡ್ಕೋಬೇಡಿ ಬ್ರದರ್ಸ್. ಆಸೆಯಿಂದ ಕಣ್ಣು ಹಾಕಿದ್ರೆ ಮುಗೀತು, ಮಾಡ್ದಂಗೇನೇ." ಮಹದೇವ ಉಪವಾಸ ಹಿಡಿದ. ಹಸಿವಿನ ಜೊತೆ ಅದೂ ಹೆಚ್ಚಿತು.

ತಿಂಗಳ ಮೊದಲ ಭಾನುವಾರ ಕರ್ತನ ಮೇಜು. ರೊಟ್ಟಿಯ ತುಣುಕು, ದ್ರಾಕ್ಷಾರಸದ ಪುಟ್ಟ ಲೋಟಗಳು ಇರುವ ತಟ್ಟೆ ಕೈಯಿಂದ ಕೈಗೆ ಬರುತ್ತದೆ. ಮನಸ್ಸಿನಲ್ಲಿ ಪಾಪ ಇಟ್ಟುಕೊಂಡು ಅದನ್ನು ತಿಂದವನು ತನ್ನ ಶಿಕ್ಷೆಯನ್ನೇ ತಿಂದ ಹಾಗೆ ಎಂಬುದು ಅಲ್ಲಿನವರ ನಂಬಿಕೆ. ಹಾಗಾಗಿ ಮುಟ್ಟದೆ ಪಕ್ಕದವನಿಗೆ ದಾಟಿಸಿದರೆ, ಇವನಲ್ಲಿ ಏನೋ ಇದೆ ಎಂದು ಇಡೀ ಸಭೆಗೆ ಸಾರಿದಂತೆಯೇ. ಆ ಭಾನುವಾರ ಮಹದೇವ ತಟ್ಟೆ ದಾಟಿಸಿದ. ಆಚೆ ಸಾಲಿನಿಂದ ಜಲಜಾ ನೋಡಿದಳು, ಎಲ್ಲರೂ ನೋಡಿದರು.

"ಏನ್ ಬ್ರದರ್, ಮತ್ತೆ ಕುಡಿದ್ರಾ?" ಸಭೆ ಮುಗಿದ ಮೇಲೆ ಪಾಸ್ಟರ್ ಕೇಳಿದರು.

"ಇಲ್ಲ ಪಾಸ್ಟರ್."

"ಮತ್ತೇನು?"

ಮಹದೇವ ಢೋಲಕ್ಕಿನ ಹಗ್ಗ ಬಿಗಿಯತೊಡಗಿದ. ಪಾಸ್ಟರಿಗೆ ಕೆಂಗೇರಿಯಲ್ಲಿ ಮನೆ ಪ್ರಾರ್ಥನೆಯಿತ್ತು, ಹೆಲ್ಮೆಟ್ ಆಗಲೇ ಕೈಯಲ್ಲಿತ್ತು. "ಯಾರಿಗಾದ್ರೂ ತಪ್ಪು ಮಾಡಿದ್ರೆ ಮೊದ್ಲು ಹೋಗಿ ಅವ್ರ ಹತ್ರ ಸರಿ ಮಾಡ್ಕೊಳ್ಳಿ. ಆಮೇಲೆ ಮೇಜಿಗೆ ಬನ್ನಿ. ಬೈಬಲ್ ವಾಕ್ಯ ಹೇಳೋದೇ ಹಾಗೆ," ಎಂದು ಬೆನ್ನು ತಟ್ಟಿ ಇಳಿದುಹೋದರು.

ಮಹದೇವ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ತಪ್ಪು ಮಾಡಿದ್ದು ಯಾರಿಗೆ? ಸುಮಾ ಸಿಸ್ಟರ್‌ಗೆ. ಹಾಗಾದರೆ ಹೋಗಬೇಕಾದ್ದೂ ಅವರ ಹತ್ತಿರವೇ.

ಮಧ್ಯಾಹ್ನ ಕ್ಲಿನಿಕ್ ಖಾಲಿಯಾಗುವ ಹೊತ್ತಿಗೆ ಹೋಗಿ ಬಾಗಿಲಲ್ಲಿ ನಿಂತ. ಸುಮಾ ಊಟದ ಡಬ್ಬಿ ಮುಚ್ಚುತ್ತಾ ಎದ್ದು ಬಂದಳು.

"ಏನ್ ಬ್ರದರ್, ಜ್ವರಾನಾ? ಡಾಕ್ಟ್ರು ಸಾಯಂಕಾಲ ಬರ್ತಾರೆ. ನಿಮ್ ಮುಖ ನೋಡಿದ್ರೆ ಸಾಯಂಕಾಲದ ತನಕ ಇರೋ ಥರ ಕಾಣ್ಸಲ್ಲ ಬಿಡಿ," ಎಂದು ನಕ್ಕಳು.

ಮಹದೇವ ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದ. ಏನೂ ಬಿಡಬಾರದು, ಬಿಟ್ಟರೆ ಅರೆಬರೆ ಒಪ್ಪಿಗೆಯಾದೀತೆಂದು, ತೋಳಿನದ್ದು, ಕುತ್ತಿಗೆಯದ್ದು, ಎಲ್ಲ ಹೇಳಿದ.

ಸುಮಾಳ ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಕೈ ತಾನಾಗಿ ಸೆರಗನ್ನು ಎಳೆದು ಕುತ್ತಿಗೆಗೆ ಸುತ್ತಿತು.

"ನಾನು ಕಣ್ಣು ಮುಚ್ಕೊಂಡು ಹಾಡ್ತಿದ್ದೆ ಬ್ರದರ್," ಎಂದಳು.

"ಗೊತ್ತು ಸಿಸ್ಟರ್. ತಪ್ಪೆಲ್ಲಾ ನಂದು. ಕ್ಷಮಿಸಿದೀನಿ ಅಂತ ಒಂದ್ ಮಾತು ಹೇಳ್ಬಿಡಿ."

"ಕ್ಷಮಿಸಿದೀನಿ. ಹೋಗಿ."

ಬೆನ್ನ ಮೇಲಿನ ಸಿಲಿಂಡರ್ ಇಳಿಸಿದಷ್ಟು ಹಗುರವಾಯಿತು ಮಹದೇವನಿಗೆ. ರಾತ್ರಿ ಊಟಕ್ಕೆ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಆ ಹಗುರದಲ್ಲೇ ಜಲಜಾಳಿಗೂ ಹೇಳಿದ. ಅವಳು ಸಾರಿನ ಸೌಟು ಹಿಡಿದುಕೊಂಡೇ ಕೂತಳು.

"ಅವ್ರ ಹತ್ರಾನೇ ಹೋಗಿ ಹೇಳಿದ್ರಾ? ಅಯ್ಯೋ ನಿಮ್ ತಲೆಗಿಷ್ಟು! ನಂಗೆ ಗೊತ್ತಿತ್ತು ಕಣ್ರೀ. ಎದುರಿಗೇ ಕೂರೋಳಲ್ವಾ ನಾನು? ನುಂಗ್ಕೊಂಡಿದ್ದೆ. ನೀವೂ ನುಂಗ್ಕೋಬೇಕಿತ್ತು."

"ಪಾಪಾನ ಒಳಗೆ ಇಟ್ಕೋಬಾರ್ದು ಕಣೇ."

"ನಿಮ್ ಪಾಪ ಅದು. ಅವ್ರ ತಲೆ ಮೇಲೆ ಯಾಕೆ ಸುರಿದ್ರಿ?"

ಮುಂದಿನ ಭಾನುವಾರ ಸುಮಾ ಬಂದಳು, ಸೆರಗನ್ನು ಎರಡೂ ಭುಜಕ್ಕೆ ಹೊದ್ದು. ಕಣ್ಣು ತೆರೆದೇ ಹಾಡಿದಳು, ಕಿಟಕಿಯ ಕಡೆ ನೋಡಿಕೊಂಡು. ಬಾಯಿಪಾಠವಿದ್ದ ಸಾಲು ನಡುವೆ ತಪ್ಪಿತು. ಅದರಾಚೆಯ ಭಾನುವಾರ ಅವಳು ಬರಲೇ ಇಲ್ಲ. ಯಾರದೋ ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿ ಹಾಡು ಹಾಕಿದರು.

ಸಭೆಯ ಹಿರಿಯಾಕೆ ನರಸಮ್ಮನಿಗೆ ಸುಮ್ಮನಿರಲಾಗಲಿಲ್ಲ. "ಹಾಡೋಳು ಯಾಕ್ ಬರ್ತಿಲ್ಲ? ಏನೋ ಮಾಡ್ಕೊಂಡಿರ್ಬೇಕು ಬಿಡು. ಒಂಟಿ ಹೆಂಗಸು," ಎಂದು ಮೆಟ್ಟಿಲ ಮೇಲೆ ಹೇಳಿದ್ದು ಮಹದೇವನ ಕಿವಿಗೆ ಬಿತ್ತು. ಅವನಿಗೆ ಸಂಕಟವಾಯಿತು. ಅವಳ ಮೇಲಿನ ಮಾತನ್ನು ಹೇಗಾದರೂ ತೆಗೆಯಬೇಕು. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ: ಎದ್ದು ನಿಂತು ಸಾಕ್ಷಿ ಹೇಳುವುದು, ಎಲ್ಲರೆದುರು ತನ್ನ ಪಾಪವನ್ನು ತಾನೇ ಒಪ್ಪಿಕೊಳ್ಳುವುದು. ಮುಂದಿನ ವಾರ ಮೈಕ್ ಹಿಡಿದು, "ಒಬ್ಬ ಸಿಸ್ಟರ್ ಮೇಲೆ ನಾನು ಕೆಟ್ಟ ಕಣ್ಣು ಹಾಕಿದ್ದೆ. ಅವ್ರದ್ದೇನೂ ತಪ್ಪಿಲ್ಲ. ಅವ್ರು ನನ್ನ ಕ್ಷಮಿಸಿದಾರೆ," ಎಂದು ಅತ್ತ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇನಿತ್ತು, ಹಾಡುವವಳ ಜಾಗ ಖಾಲಿ ಬಿದ್ದಿತ್ತಲ್ಲ.

ಸಭೆಯೆಲ್ಲ ಹಲ್ಲೆಲೂಯ ಎಂದಿತು. ಪಾಸ್ಟರ್ ತಬ್ಬಿಕೊಂಡರು. ಗಂಡಸರು ಒಬ್ಬೊಬ್ಬರಾಗಿ ಕೈ ಕುಲುಕಿದರು. ಕುಡಿತ ಬಿಟ್ಟಾಗಲೂ ಅವನಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಕೆಳಗೆ ಚಪ್ಪಲಿ ಹುಡುಕುವಾಗ ನರಸಮ್ಮ ಅವನ ಕೈ ಹಿಡಿದುಕೊಂಡಳು.

"ದೊಡ್ಡ ಮನಸ್ಸು ಕಣಪ್ಪ ನಿಂದು, ಒಪ್ಕೊಂಡೆ. ಮೈ ಮರೆತು ಹಂಗೆಲ್ಲ ಕೈ ಎತ್ತಿದ್ರೆ ಗಂಡಸ್ರ ಗತಿ ಏನು ಹೇಳು? ಅವಳೂ ಬಂದು ಒಪ್ಕೊಳ್ಳಲಿ. ಕರ್ತನು ಅವಳ್ನೂ ಕ್ಷಮಿಸ್ತಾನೆ."

ಶನಿವಾರ ಸಂಜೆ ಮಹದೇವ ಉಲ್ಲಾಳಕ್ಕೆ ಹೊರಟ. ಬೇಡವೆಂದರೂ ಕೇಳದಿದ್ದಾಗ ಜಲಜಾ ತಾನೂ ಸ್ಕೂಟರ್ ಹತ್ತಿದಳು. ರಸ್ತೆಯ ತಿರುವಿನಲ್ಲೇ ಇಳಿದು, "ನಾನ್ ಬರಲ್ಲ. ನನ್ ಮುಖಾನೂ ನೋಡ್ಬೇಕಾ ಅವ್ರು?" ಎಂದಳು.

ಸುಮಾ ಬಾಗಿಲು ತೆರೆದಳು. ತಲೆಗೆ ನೀರು ಹಾಕಿಕೊಂಡಿದ್ದಳು. ಒಳಗೆ ಕರೆಯಲಿಲ್ಲ.

"ಸಭೆಗೆ ಬನ್ನಿ ಸಿಸ್ಟರ್. ನಾನೇ ಬಿಟ್ಬಿಡ್ತೀನಿ. ಬೇರೆ ಎಲ್ಲಿಗಾದ್ರೂ ಹೋಗ್ತೀನಿ."

"ನೀವು ಹೋದ್ರೆ ಅವಳಿಂದ ಹೋದ ಅಂತಾರೆ. ಮೊನ್ನೆ ಫೋನ್ ಬಂದಿತ್ತು ನರಸಮ್ಮನೋರ್ದು. ಬಂದು ಒಪ್ಕೋ ಅಂತ. ಏನ್ ಒಪ್ಕೊಳ್ಲಿ ಬ್ರದರ್?"

ಮಹದೇವ ಸ್ಕೂಟರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. ಅವಳೇ ಮುಂದುವರಿಸಿದಳು.

"ಪಾತ್ರೆ ತೊಳೀತಾ ಹಾಡು ಬಾಯಿಗೆ ಬರುತ್ತೆ. ತಕ್ಷಣ ಯಾರೋ ನೋಡ್ತಾ ಇದಾರೆ ಅನ್ಸುತ್ತೆ. ಬಾಗಿಲು ಹಾಕಿದ್ರೂ ಅನ್ಸುತ್ತೆ. ನಿಂತೋಗುತ್ತೆ."

"ಕ್ಷಮಿಸಿ ಸಿಸ್ಟರ್..."

"ಮತ್ತೆ ಕೇಳ್ಬೇಡಿ. ಕೇಳಿದ್ರೆ ನಾವು ಕೊಡ್ಲೇಬೇಕಲ್ವಾ? ಕೊಡ್ದಿದ್ರೆ ನಂಗೇ ಪಾಪ. ಅವತ್ತು ಕ್ಲಿನಿಕ್ಕಲ್ಲಿ, ನನಗೆ ಕೋಪ ಮಾಡ್ಕೊಳ್ಳೋಕೂ ಬಿಡ್ಲಿಲ್ಲ ನೀವು."

ಹೀಗೆನ್ನುತ್ತಾ ಅವಳು ಒದ್ದೆ ಕೂದಲನ್ನು ಹಿಂದಕ್ಕೆ ಒಟ್ಟುಮಾಡಿ ಗಂಟು ಹಾಕಿದಳು. ತೋಳು ಮೇಲೆದ್ದಿತು. ಮಹದೇವ ನೋಡಿದ. ನೋಡಬಾರದೆಂದುಕೊಳ್ಳುವಷ್ಟರಲ್ಲಿ ನೋಡಿಯಾಗಿತ್ತು. ಆ ಕ್ಷಮೆ, ಆ ಅಳು, ಆ ಕೈ ಕುಲುಕಾಟ ಎಲ್ಲ ಆದಮೇಲೂ ಅದು ಮೊದಲಿನಷ್ಟೇ ಬಿಸಿಯಾಗಿ ಒಳಗೆ ಕೂತಿತ್ತು. ಅದನ್ನೂ ಹೇಳಿಬಿಡಬೇಕೆಂದು ನಾಲಿಗೆ ಅರ್ಧ ಎದ್ದಿತು. ಹಲ್ಲು ಕಚ್ಚಿದ. "ಬರ್ತೀನಿ" ಎಂದೂ ಹೇಳದೆ ತಿರುಗಿದ. ಹಿಂದೆ ಚಿಲಕ ಬಿದ್ದ ಸದ್ದಾಯಿತು.

ನಾಳೆ ಮೊದಲ ಭಾನುವಾರ. ತಟ್ಟೆ ದಾಟಿಸಿದರೆ ನರಸಮ್ಮ ಮತ್ತೆ ಹೆಂಗಸರ ಸಾಲಿನಲ್ಲಿ ಕಾರಣ ಹುಡುಕುತ್ತಾಳೆ. ಹಾಗಾಗಿ ತಿನ್ನಬೇಕು. ಎಲ್ಲರ ಮುಂದೆ, ನೆಮ್ಮದಿಯಾಗಿರುವವನ ಹಾಗೆ ತಿನ್ನಬೇಕು. ನಾಳೆಯೂ, ಬರುವ ತಿಂಗಳೂ. ತಿನ್ನುತ್ತಿರುವುದು ಏನೆಂದು ಅವನೊಬ್ಬನಿಗೆ ಗೊತ್ತಿರುತ್ತದೆ, ಮೇಲಿರುವವನಿಗೆ ಗೊತ್ತಿರುತ್ತದೆ.

ತಿರುವಿನಲ್ಲಿ ಜಲಜಾ ಸ್ಕೂಟರಿಗೆ ಒರಗಿ ನಿಂತಿದ್ದಳು.

"ಏನಂದ್ರು?"

"ಬರಲ್ವಂತೆ."

ಅವಳು ಅವನ ಮುಖವನ್ನೇ ನೋಡಿದಳು. "ಈಗ್ಲಾದ್ರೂ ಹೋಯ್ತಾ ಮನಸ್ಸಿಂದ?"

"ಹೋಯ್ತು ಕಣೇ."

ಸಭೆ ಸೇರಿದ ಮೇಲೆ ಅವನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಜಲಜಾ ನಂಬಿದಳೋ ಇಲ್ಲವೋ, ಸೀರೆಯ ನೆರಿಗೆ ಚಕ್ರಕ್ಕೆ ಸಿಕ್ಕದ ಹಾಗೆ ಎತ್ತಿ ಹಿಡಿದು ಹಿಂದೆ ಕೂತಳು. ಯಾವಾಗಲೂ ಅವನ ಭುಜ ಹಿಡಿಯುತ್ತಿದ್ದವಳು ಆ ಸಂಜೆ ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡಳು.